ಅಪ್ಪನ ಬಂದೂಕು ನನ್ನ ಹೆಸರಿಗೆ ಬರುವವರೆಗೆ

ಬಂದೂಕಿನ ಪರವಾನಗಿ ಇದ್ದವರು ತೀರಿಕೊಂಡರೆ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಅವರೊಂದಿಗೇ ಮುಗಿಯುತ್ತದೆ. ತಿಥಿ ಕಳೆಯಲಿ, ಜಮೀನಿನ ಪೌತಿ ಖಾತೆ ಆಗಲಿ, ಆಮೇಲೆ ಬಂದೂಕಿನ ವಿಷಯ ನೋಡೋಣ ಎಂದು ನಮ್ಮ ಕಡೆ ಬಹಳ ಮನೆಗಳಲ್ಲಿ ಅದನ್ನು ಅಟ್ಟದ ಮೇಲೆಯೋ ಬೀರುವಿನಲ್ಲಿಯೋ ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅದು ಪರವಾನಗಿ ಇಲ್ಲದ ಆಯುಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷದ ಸೆರೆವಾಸವಿದೆ. ಅಪ್ಪನ ಜೋಡಿ ನಳಿಗೆ ಬಂದೂಕು ನನ್ನ ಹೆಸರಿಗೆ ಬಂದು ಈಗಷ್ಟೇ ಮನೆ ಸೇರಿದೆ. ಈ ದಾರಿಯಲ್ಲಿ ಎಲ್ಲಿ ಏನು ಕೇಳುತ್ತಾರೆ, ಎಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತದೆ ಎಂದು ಮೊದಲೇ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕು. ಸ್ವಲ್ಪ ಅಡಿಕೆ, ಸ್ವಲ್ಪ ತೆಂಗು, ಉಳಿದದ್ದು ಮಳೆಯನ್ನು ನಂಬಿದ ಕಡಲೆಕಾಯಿ ಮತ್ತು ರಾಗಿ. ಹೊಲದ ಮಗ್ಗುಲಿಗೇ ಬಂಡೆಗುಡ್ಡ. ಗುಡ್ಡದಲ್ಲಿ ಕರಡಿ ಇದೆ, ಚಿರತೆ ಓಡಾಡುತ್ತದೆ, ಕಾಡುಹಂದಿಗಳಿಗಂತೂ ಲೆಕ್ಕವಿಲ್ಲ. ಅಪ್ಪ ಆ ಬಂದೂಕಿನಿಂದ ಪ್ರಾಣಿಯನ್ನು ಹೊಡೆದದ್ದನ್ನು ನಾನು ನೋಡಿಲ್ಲ. ಕಡಲೆಕಾಯಿ ಬಲಿಯುವ ಕಾಲದಲ್ಲಿ ರಾತ್ರಿ ಒಮ್ಮೆ ಆಕಾಶಕ್ಕೆ ಗುಂಡು ಹಾರಿಸಿದರೆ ಹಂದಿಯ ಹಿಂಡು ನಾಲ್ಕು ದಿನ ಈ ಕಡೆ ಸುಳಿಯುತ್ತಿರಲಿಲ್ಲ. ಆಯುಧಪೂಜೆಯ ದಿನ ನೇಗಿಲು, ಪಂಪ್‌ಸೆಟ್, ಟ್ರ್ಯಾಕ್ಟರಿನ ಜೊತೆಗೆ ಬಂದೂಕಿಗೂ ಕುಂಕುಮವಿಟ್ಟು ನಿಂಬೆಹಣ್ಣು ಇಡುತ್ತಿದ್ದರು. 2023ರ ದೀಪಾವಳಿ ಕಳೆದ ಮೇಲೆ ಅವರು ಹೋದರು. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬೇಸಾಯ ನೋಡಿಕೊಳ್ಳುವವಳು ನಾನು. ಹಾಗಾಗಿ ಬಂದೂಕು ನನ್ನ ಹೆಸರಿಗೆ ಆಗಲಿ ಎಂದು ಅಮ್ಮ, ತಮ್ಮ, ನಾನು ಮೂವರೂ ಮಾತಾಡಿಕೊಂಡೆವು.

ಮೊದಲ ಕೆಲಸ ಬಂದೂಕನ್ನು ಒಪ್ಪಿಸುವುದು. ಶಸ್ತ್ರಾಸ್ತ್ರ ಕಾಯ್ದೆ 1959ರ 21ನೆಯ ಕಲಮಿನ ಪ್ರಕಾರ, ಹೊಂದುವ ಹಕ್ಕು ಮುಗಿದ ಆಯುಧವನ್ನು ಅನಗತ್ಯವಾಗಿ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗಾಗಲಿ ಪರವಾನಗಿ ಪಡೆದ ಬಂದೂಕು ವ್ಯಾಪಾರಿಗಾಗಲಿ ಒಪ್ಪಿಸಬೇಕು. ಒಪ್ಪಿಸಿದ ಮಾತ್ರಕ್ಕೆ ಅದು ಕೈತಪ್ಪಿ ಹೋಗುವುದಿಲ್ಲ. ವಾರಸುದಾರರಿಗೆ ಪರವಾನಗಿ ಸಿಕ್ಕರೆ ಮರಳಿ ಪಡೆಯುವ ಹಕ್ಕಿದೆ. ಬೇಡವೆಂದರೆ ಅರ್ಹರಿಗೆ ಮಾರಿ ಹಣ ಪಡೆಯುವ ಹಕ್ಕೂ ಇದೆ. ಆದರೆ ನಿಗದಿತ ಅವಧಿಯೊಳಗೆ ಏನೂ ಮಾಡದೆ ಕುಳಿತರೆ ಅದು ಸರ್ಕಾರದ ಪಾಲಾಗಬಹುದು. ನಮ್ಮ ಊರಿನ ಹಿರಿಯರು ಕೆಲವರು, ಠಾಣೆಗೆ ಕೊಟ್ಟ ಬಂದೂಕು ವಾಪಸ್ ಬಂದ ಉದಾಹರಣೆಯೇ ಇಲ್ಲ ಎಂದು ಅಮ್ಮನನ್ನು ಹೆದರಿಸಿದ್ದರು. ನಮ್ಮದು ಬಂತು. ಆದರೆ ಬಂದದ್ದು ಕೈಯಲ್ಲಿ ರಸೀದಿ ಗಟ್ಟಿಯಾಗಿ ಇದ್ದುದರಿಂದ.

ರಸೀದಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಪ್ಪಿಸುವ ಮೊದಲು ಬಂದೂಕಿನಲ್ಲಿ ತೋಟಾ (ಕಾರ್ಟ್ರಿಡ್ಜ್) ಇಲ್ಲವೆಂದು ನಳಿಗೆ ಬಾಗಿಸಿ ಖಚಿತಪಡಿಸಿಕೊಳ್ಳಿ. ನಿಮಗೆ ಅಭ್ಯಾಸವಿಲ್ಲದಿದ್ದರೆ ಮುಟ್ಟಬೇಡಿ, ಠಾಣೆಯಿಂದಲೇ ಯಾರಾದರೂ ಬಂದು ತೆಗೆದುಕೊಂಡು ಹೋಗುವಂತೆ ಕೇಳಿಕೊಳ್ಳಿ. ನಳಿಗೆಯ ಒಳಗೆ ಎಣ್ಣೆ ಸವರಿ ಒರೆಸಿಡಿ. ಠಾಣೆಯ ಶಸ್ತ್ರಾಗಾರದಲ್ಲಿ ಯಾರೂ ಅದಕ್ಕೆ ಎಣ್ಣೆ ಹಾಕುವುದಿಲ್ಲ. ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ರಸೀದಿಯಲ್ಲಿ ತಯಾರಕರ ಹೆಸರು, ಬಂದೂಕಿನ ಸಂಖ್ಯೆ, ಬೋರ್ (ನಳಿಗೆಯ ಒಳ ಅಗಲದ ಅಳತೆ), ನಳಿಗೆಯ ಉದ್ದ, ಇರುವ ಸ್ಥಿತಿ, ಒಪ್ಪಿಸಿದ ತೋಟಾಗಳ ಸಂಖ್ಯೆ ಎಲ್ಲವೂ ಇರಲಿ. 'ಒಂದು ಬಂದೂಕು ಸ್ವೀಕರಿಸಲಾಗಿದೆ' ಎಂಬ ಒಂದು ಸಾಲಿನ ಚೀಟಿ ಹಿಡಿದು ಬರಬೇಡಿ. ವ್ಯಾಪಾರಿಯ ಬಳಿ ಇಟ್ಟರೆ ಆರೈಕೆ ಚೆನ್ನಾಗಿರುತ್ತದೆ, ಆದರೆ ತಿಂಗಳ ಬಾಡಿಗೆ ತೆರಬೇಕು. ನಾವು ಠಾಣೆಯನ್ನೇ ಆರಿಸಿಕೊಂಡೆವು. ಅಮ್ಮ ಜೊತೆಗೆ ಬಂದಿದ್ದರು. ಅಪ್ಪನ ಪರವಾನಗಿ ಪುಸ್ತಕವನ್ನು ಮೇಜಿನ ಮೇಲೆ ಇಡುವಾಗ ಅವರ ಕೈ ಬಿಡಲೇ ಇಲ್ಲ. ಪುಸ್ತಕದ ಎಲ್ಲ ಪುಟಗಳ ಜೆರಾಕ್ಸ್ ನಿಮ್ಮ ಬಳಿ ಇರಲಿ, ನವೀಕರಣದ ಮುದ್ರೆಗಳಿರುವ ಪುಟಗಳೂ ಸೇರಿ. ಮುಂದೆ ಪ್ರತಿ ಕಚೇರಿಯಲ್ಲಿ ಅದನ್ನೇ ಕೇಳುತ್ತಾರೆ.

ವಾರಸುದಾರರಿಗೆ ಪರವಾನಗಿ ಕೊಡುವುದಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪ್ರತ್ಯೇಕ ನಿಯಮವೇ ಇದೆ, 25ನೆಯದು. ವಾರಸುದಾರ ಎಂದರೆ ಮಗನೇ ಆಗಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿಯಲ್ಲಿ ಪ್ರತಿಕೂಲ ಷರಾ ಇರಬಾರದು. ಅರ್ಜಿ ನಮೂನೆ ಎ-1. ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದ್ದು. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಮಾತ್ರ ಅದು ಕಮಿಷನರ್‌ಗೆ ಹೋಗುತ್ತದೆ. ನಮ್ಮ ಜಿಲ್ಲೆಯವರು ತುಮಕೂರಿಗೇ ಹೋಗಬೇಕು.

ಕಾಗದ ಪತ್ರಗಳನ್ನು ಹೊಂದಿಸುವುದರಲ್ಲಿ ಆ ಚಳಿಗಾಲ ಕಳೆಯಿತು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ, ಪಹಣಿ, ಆಧಾರ್, ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಾಸಸ್ಥಳದ ದೃಢೀಕರಣ, ಭಾವಚಿತ್ರಗಳು, ಬಂದೂಕು ಒಪ್ಪಿಸಿದ ರಸೀದಿ, ಅಮ್ಮ ಮತ್ತು ತಮ್ಮನಿಂದ ಆಕ್ಷೇಪಣೆ ಇಲ್ಲವೆಂಬ ಪ್ರಮಾಣಪತ್ರ (ಅಫಿಡವಿಟ್). ತಮ್ಮ ರಜೆ ಹಾಕಿ ಬಂದು ನೋಟರಿಯ ಮುಂದೆ ಸಹಿ ಮಾಡಿದ. ದೂರದಲ್ಲಿರುವ ಒಡಹುಟ್ಟಿದವರು ಬಂದಾಗ ಒಂದೇ ಸಲಕ್ಕೆ ಎರಡು ಮೂರು ಮೂಲಪ್ರತಿ ಮಾಡಿಸಿಕೊಳ್ಳಿ. ಒಂದು ಪ್ರತಿ ಕಡತದಲ್ಲಿ ಸೇರಿಹೋದ ಮೇಲೆ ಇನ್ನೊಂದು ಕಡೆ ಮೂಲವನ್ನೇ ಕೇಳುತ್ತಾರೆ.

ಇಲ್ಲಿಯೇ ಮೊದಲ ತಡೆ. ಪರವಾನಗಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಜೊತೆ 'ಬಿನ್' (ಇಂಥವರ ಮಗ) ಎಂದು ತಾತನ ಹೆಸರೂ ಇದೆ. ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮಾತ್ರ. ಪಹಣಿಯಲ್ಲಿ ಹೆಸರಿನ ಕೊನೆಗೆ 'ಅಪ್ಪ' ಸೇರಿಕೊಂಡಿದೆ. ಆಧಾರ್‌ನಲ್ಲಿ ಇನ್ನೊಂದು ರೀತಿ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬನೇ ಮನುಷ್ಯ ಕಾಗದದ ಮೇಲೆ ನಾಲ್ವರಾಗಿದ್ದರು. ಅರ್ಜಿಯನ್ನು ಒಂದು ಕಚೇರಿಯಲ್ಲಿ ಈ ಕಾರಣಕ್ಕೇ ಮರಳಿಸಿದರು, ಅದೂ ಕೊಟ್ಟು ಹಲವು ವಾರ ಕಳೆದ ಮೇಲೆ. ನಾಲ್ಕೂ ಹೆಸರು ಒಬ್ಬರದೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಮೊದಲ ಪ್ರಮಾಣಪತ್ರಗಳನ್ನು 20 ರೂಪಾಯಿಯ ಛಾಪಾ ಕಾಗದದಲ್ಲಿ ಮಾಡಿಸಿದ್ದೆವು. 2024ರ ಫೆಬ್ರುವರಿಯಿಂದ ಅದು 100 ರೂಪಾಯಿಗೆ ಏರಿತ್ತು. ನೋಟರಿ, ಟೈಪಿಂಗ್ ಸೇರಿಸಿದರೆ ಒಂದೊಂದು ಪ್ರಮಾಣಪತ್ರವೂ ಕೆಲವು ನೂರು ರೂಪಾಯಿ ನುಂಗುತ್ತದೆ. ಅರ್ಜಿ ಬರೆಯುವ ಮೊದಲೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಇಡೀ ಪ್ರಕ್ರಿಯೆಯಲ್ಲಿ ಇಷ್ಟು ಸಮಯ ಉಳಿಸುವ ಕೆಲಸ ಬೇರೊಂದಿಲ್ಲ.

ಅರ್ಜಿ ಸ್ವೀಕಾರವಾಗಿ ಸ್ವೀಕೃತಿ ಕೈಗೆ ಬಂದು ಸ್ವಲ್ಪ ದಿನವಾಗಿತ್ತು, 2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. ನೀತಿಸಂಹಿತೆ ಇರುವಷ್ಟು ದಿನ ಹೊಸ ಬಂದೂಕು ಪರವಾನಗಿ ಕೊಡುವುದಿಲ್ಲ. ಇದ್ದವರಿಂದಲೂ, ಜಿಲ್ಲಾ ಮಟ್ಟದ ಸಮಿತಿ ಪರಿಶೀಲಿಸಿ, ಅಗತ್ಯವೆಂದು ಕಂಡರೆ ಬಂದೂಕು ಒಪ್ಪಿಸಿಕೊಳ್ಳುತ್ತಾರೆ. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಆದರೂ ದೇಶದ ಫಲಿತಾಂಶ ಜೂನ್ 4ಕ್ಕೆ ಬಂದು, ಸಂಹಿತೆ ತೆಗೆಯುವವರೆಗೆ ಕಡತ ಅಲುಗಾಡಲಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಚುನಾವಣೆಯ ವರ್ಷದಲ್ಲಿ ಅರ್ಜಿ ಹಾಕುವವರು ಈ ತಿಂಗಳುಗಳನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ, ಅಷ್ಟೇ.

ಜೂನ್‌ನಲ್ಲಿ ಮಳೆ ಬಿತ್ತು, ಕಡಲೆಕಾಯಿ ಬಿತ್ತಿದೆವು. ಪೊಲೀಸ್ ಪರಿಶೀಲನೆ ಶುರುವಾದದ್ದು ಆಗ. ಠಾಣೆಯಿಂದ ಬಂದವರು ಮನೆ ನೋಡಿದರು, ಹೊಲ ನೋಡಿದರು, ಅಕ್ಕಪಕ್ಕದವರ ಹೇಳಿಕೆ ಬರೆದುಕೊಂಡರು. ಜಗಳ ತಂಟೆ ಇದೆಯೇ, ಜಮೀನಿನ ತಕರಾರು ಇದೆಯೇ, ಮನೆಯಲ್ಲಿ ಕುಡಿಯುವವರು ಇದ್ದಾರೆಯೇ, ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯೇ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು, ಬೇಸರಪಟ್ಟುಕೊಳ್ಳಬಾರದು. ಆದರೆ ಒಂದು ಪ್ರಶ್ನೆ ಮಾತ್ರ ನನ್ನನ್ನು ಹಲವು ದಿನ ಕಾಡಿತು. ಬೇರೆ ಬೇರೆ ಮೇಜುಗಳಲ್ಲಿ, ಬೇರೆ ಬೇರೆ ಮಾತುಗಳಲ್ಲಿ ಅದನ್ನೇ ಕೇಳಿದರು: ಹೆಣ್ಣುಮಗಳಿಗೆ ಬಂದೂಕು ಏಕೆ, ತಮ್ಮನ ಹೆಸರಿಗೆ ಮಾಡಿಸಬಹುದಲ್ಲ? ತಮ್ಮ ಇಲ್ಲಿ ಇರುವುದಿಲ್ಲ, ಹೊಲದಲ್ಲಿ ರಾತ್ರಿ ಕಾವಲಿರುವವಳು ನಾನು ಎಂದು ಹೇಳಿದೆ. ಮತ್ತೆ ಹೇಳಿದೆ. ಕೊನೆಗೆ ಒಬ್ಬ ಅಧಿಕಾರಿ, ಬಾಯಿಮಾತಿಗಿಂತ ಕಾಗದ ಕೊಡಿ ಎಂದರು. ಅದು ಬಹಳ ಒಳ್ಳೆಯ ಸಲಹೆ. ಹಿಂದಿನ ವರ್ಷಗಳಲ್ಲಿ ಹಂದಿಯಿಂದ ಬೆಳೆ ಹಾಳಾದಾಗ ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇ-ಪರಿಹಾರದಲ್ಲಿ ಹಾಕಿದ್ದ ಅರ್ಜಿಗಳು, ಹಾನಿಯ ಚಿತ್ರಗಳು, ಬಂದ ಪರಿಹಾರದ ಬ್ಯಾಂಕ್ ವಿವರ, ಜಮೀನಿನಲ್ಲಿ ನನ್ನ ಹೆಸರೂ ಸೇರಿದ ಪಹಣಿ, ಎಲ್ಲವನ್ನೂ ಒಟ್ಟು ಮಾಡಿ ಒಂದು ಪತ್ರದೊಂದಿಗೆ ಕೊಟ್ಟೆ. ಆಮೇಲೆ ಆ ಪ್ರಶ್ನೆ ಬರಲಿಲ್ಲ. ಬೆಳೆ ಹಾನಿಗೆ ಸಿಗುವ ಪರಿಹಾರ ಕಡಿಮೆ ಎಂದು ಅರ್ಜಿ ಹಾಕದೆ ಬಿಡುವವರು ನಮ್ಮಲ್ಲಿ ಬಹಳ. ಹಣಕ್ಕಲ್ಲದಿದ್ದರೂ ದಾಖಲೆಗಾಗಿ ಹಾಕಿ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಪರವಾನಗಿ ಇದ್ದ ಮಾತ್ರಕ್ಕೆ ಹಂದಿಗೆ ಗುಂಡು ಹೊಡೆಯುವ ಅಧಿಕಾರ ಬರುವುದಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ವ್ಯಾಪ್ತಿಗೆ ಬರುವ ವಿಷಯ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಕರಡಿ, ಚಿರತೆಗಳ ಮಾತಂತೂ ಎತ್ತಲೇಬೇಡಿ. ಕೊಡಗಿನಲ್ಲಿ ಪರವಾನಗಿಯೇ ಬೇಡವಂತೆ, ನಮಗೇಕೆ ಇಷ್ಟು ಕಷ್ಟ ಎಂದು ಕೇಳುವವರೂ ಇದ್ದಾರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು, 2029ರವರೆಗೆ ವಿಸ್ತರಿಸಿದ್ದಾರೆ. ತುಮಕೂರಿನವರಿಗೆ ಅದು ಅನ್ವಯಿಸುವುದಿಲ್ಲ.

ಆ ವರ್ಷದ ಕಡಲೆಕಾಯಿಯನ್ನು ಬಂದೂಕಿಲ್ಲದೆ ಕಾಯ್ದೆವು. ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟಿದೆವು, ಖಾಲಿ ಡಬ್ಬ ಬಡಿದೆವು, ಬ್ಯಾಟರಿ ದೀಪ ಹಿಡಿದು ಬದುವಿನ ಮೇಲೆ ರಾತ್ರಿ ಕಳೆದೆವು. ಸೆಪ್ಟೆಂಬರಿನ ಒಂದು ರಾತ್ರಿ ಗುಡ್ಡದ ಕಡೆಯ ಮೂಲೆಯನ್ನು ಹಂದಿಗಳು ಉತ್ತಂತೆ ಮಗುಚಿ ಹಾಕಿದ್ದವು. ಬೆಳಿಗ್ಗೆ ಅಲ್ಲಿ ಬಗ್ಗಿ ಅಳಿದುಳಿದ ಕಾಯಿ ಆರಿಸುವಾಗ ನನಗೆ ಬಂದ ಅಳು ಬೆಳೆಗೋ ಅಪ್ಪನಿಗೋ ತಿಳಿಯಲಿಲ್ಲ. ಯಾರೋ ಸಿಡಿಮದ್ದಿನ ಉಂಡೆ ಇಡಿ ಎಂದರು, ಇನ್ನು ಯಾರೋ ಬೇಲಿಗೆ ಕರೆಂಟು ಕೊಡಿ ಎಂದರು. ಎರಡೂ ಅಪರಾಧ, ಎರಡರಿಂದಲೂ ಮೊದಲು ಸಾಯುವುದು ದನಕರು ಮತ್ತು ಮನುಷ್ಯರು. ಅಂತಹ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ನಿಯಮದ ಪ್ರಕಾರ ಪೊಲೀಸ್ ವರದಿಗೆ 30 ದಿನ, ವರದಿ ಬಂದ ಮೇಲೆ ನಿರ್ಧಾರಕ್ಕೆ 60 ದಿನದ ಮಿತಿ ಇದೆ. ನಮ್ಮ ವಿಷಯದಲ್ಲಿ ಅದಕ್ಕಿಂತ ಬಹಳ ಹೆಚ್ಚು ಹಿಡಿಯಿತು. ಕಡತ ಎಲ್ಲಿದೆ ಎಂದು ಕೇಳಿದರೆ ಕಳಿಸಿದ್ದೇವೆ ಎಂದು ಒಂದು ಕಡೆ, ಬಂದಿಲ್ಲ ಎಂದು ಇನ್ನೊಂದು ಕಡೆ. ಕಚೇರಿಯಿಂದ ಕಚೇರಿಗೆ ಹೋಗುವ ಪ್ರತಿ ಪತ್ರಕ್ಕೂ ಒಂದು ಸಂಖ್ಯೆ ಮತ್ತು ದಿನಾಂಕ ಇರುತ್ತದೆ. ಅದನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಕಚೇರಿಯ ಟಪಾಲು ವಿಭಾಗದಲ್ಲಿ ಆ ಸಂಖ್ಯೆ ಹೇಳಿದರೆ ಹುಡುಕಿ ಕೊಡುತ್ತಾರೆ. 'ಅಪ್ಪನ ಬಂದೂಕಿನ ಕಡತ' ಎಂದು ಕೇಳಿದರೆ ಯಾರಿಗೂ ಸಿಗುವುದಿಲ್ಲ. ಯಾರಾದರೂ ಬಾಯಲ್ಲಿ ಆಗುವುದಿಲ್ಲ ಎಂದರೆ ವಿನಯದಿಂದಲೇ ಹಿಂಬರಹ (ಲಿಖಿತ ಉತ್ತರ) ಕೊಡಿ ಎಂದು ಕೇಳಿ. ಪರವಾನಗಿ ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕೆಂದು ಕಾಯ್ದೆಯೇ ಹೇಳುತ್ತದೆ, ಆ ಆದೇಶದ ಮೇಲೆ 18ನೆಯ ಕಲಮಿನಡಿ ಮೇಲ್ಮನವಿಗೂ ಅವಕಾಶವಿದೆ. ಮಧ್ಯವರ್ತಿಯೊಬ್ಬ ಸಾವಿರಗಳಲ್ಲಿ ಹಣ ಕೇಳಿ ಎಲ್ಲ ಮಾಡಿಸಿಕೊಡುತ್ತೇನೆ ಎಂದ. ಕೊಡಲಿಲ್ಲ. ತಡವಾಯಿತು, ಆದರೆ ಕೆಲಸ ನಿಲ್ಲಲಿಲ್ಲ.

ಅದರ ನಡುವೆ ಎರಡು ಪ್ರಮಾಣಪತ್ರಗಳು ಆಗಬೇಕಿತ್ತು. ಒಂದು ವೈದ್ಯಕೀಯ. ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ನೋಡುತ್ತಾರೆ. ಕಣ್ಣಿನ ಪರೀಕ್ಷೆ ಇರುತ್ತದೆ, ಮನೋವೈದ್ಯರು ಮಾತಾಡಿಸುತ್ತಾರೆ. ಹೋಗುವ ಮೊದಲು ಮನೋವೈದ್ಯರು ಯಾವ ವಾರ ಸಿಗುತ್ತಾರೆ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಅಪ್ಪನ ಸಾವಿನ ಬಗ್ಗೆ, ನಿದ್ರೆಯ ಬಗ್ಗೆ ಆ ವೈದ್ಯರು ಕೇಳಿದರು. ಒಂದು ವರ್ಷದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.

ಇನ್ನೊಂದು ಸುರಕ್ಷತಾ ತರಬೇತಿ. 2016ರ ನಿಯಮಗಳ ಪ್ರಕಾರ ಬಂದೂಕು ಹಿಡಿಯುವವರು ಅದನ್ನು ಸುರಕ್ಷಿತವಾಗಿ ಬಳಸಲು ಕಲಿತಿದ್ದಾರೆ ಎಂಬ ಪ್ರಮಾಣಪತ್ರ ನಮೂನೆ ಎಸ್-1ರಲ್ಲಿ ಬೇಕು. ಪೊಲೀಸ್ ಇಲಾಖೆ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ, ಆದರೆ ವರ್ಷವಿಡೀ ಅಲ್ಲ. ಪ್ರಕಟಣೆ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಬರುತ್ತದೆ. ಠಾಣೆಯಲ್ಲಿ ಮೊದಲೇ ಹೆಸರು ಕೊಟ್ಟಿಡುವುದು ಒಳ್ಳೆಯದು. ನಾನು ಈ ಪೂರ್ತಿ ಪ್ರಕ್ರಿಯೆಯಲ್ಲಿ ಸಂತೋಷಪಟ್ಟ ದಿನಗಳೆಂದರೆ ಅವು. ನಳಿಗೆಯ ಬಾಯಿ ಯಾವಾಗಲೂ ಯಾರೂ ಇಲ್ಲದ ದಿಕ್ಕಿಗೆ. ಗುರಿ ಇಡುವವರೆಗೆ ಬೆರಳು ಕುದುರೆಯ (ಟ್ರಿಗರ್) ಹೊರಗೆ. ಖಾಲಿ ಎಂದು ಯಾರು ಹೇಳಿದರೂ ತುಂಬಿದೆ ಎಂದೇ ತಿಳಿದು ಮುಟ್ಟಬೇಕು. ತರಬೇತುದಾರರು ಇದನ್ನು ಎಷ್ಟು ಸಲ ಹೇಳಿಸಿದರೆಂದರೆ ನನಗೆ ಈಗ ಪೊರಕೆ ಹಿಡಿದರೂ ಅದರ ತುದಿ ಯಾವ ಕಡೆ ಇದೆ ಎಂದು ಕಣ್ಣು ಹೋಗುತ್ತದೆ. ಅಪ್ಪ ಅನುಭವಸ್ಥರೇ, ಆದರೆ ಇದನ್ನು ಹೀಗೆ ಕ್ರಮವಾಗಿ ಯಾರೂ ಅವರಿಗೆ ಕಲಿಸಿರಲಿಲ್ಲ. ತಂದೆಯ ಕಾಲದಿಂದ ಬಂದೂಕು ನೋಡಿದ್ದೇನೆ, ನನಗೆ ತರಬೇತಿ ಏಕೆ ಎನ್ನುವವರು ಒಮ್ಮೆ ಹೋಗಿ ಬನ್ನಿ.

ಎಲ್ಲವೂ ಮುಗಿಯಿತು ಎನ್ನುವಾಗ ಬಂದದ್ದು ಸಂಖ್ಯೆಯ ತೊಡಕು. ಪರವಾನಗಿ ಪುಸ್ತಕದಲ್ಲಿ ಬಂದೂಕಿನ ಸಂಖ್ಯೆಯ ಕೊನೆಯ ಅಂಕಿ 7. ಠಾಣೆಯ ರಿಜಿಸ್ಟರಿನಲ್ಲಿ 1. ಎರಡು ಬೇರೆ ಬಂದೂಕು ಎಂದು ಕಡತದಲ್ಲಿ ಷರಾ ಬಿತ್ತು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಶಸ್ತ್ರ ತಜ್ಞರ ಮುಂದೆ ಬಂದೂಕನ್ನು ತರಿಸಿದರು. ಅವರು ನಳಿಗೆಗಳನ್ನು ಹಿಡಿಯಿಂದ ಬಿಡಿಸಿ, ಮಗುಚಿ, ಕಿಟಕಿಯ ಬಳಿ ಹಿಡಿದರು. ಐವತ್ತು ವರ್ಷದ ಎಣ್ಣೆ, ದೂಳು ಕೂತು ಆ ಜಾಗ ಕಪ್ಪಗಾಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು, ಆಮೇಲೆ ಒಂದು ತುಂಡು ಬಿಳಿ ಸೀಮೆಸುಣ್ಣವನ್ನು ಕಬ್ಬಿಣದ ಮೇಲೆ ಅಡ್ಡಕ್ಕೆ ತೀಡಿ ಹೆಬ್ಬೆರಳಿನಿಂದ ಒರೆಸಿಬಿಟ್ಟರು. ಸುಣ್ಣ ಅಂಕಿಗಳ ಗೀರಿನಲ್ಲಿ ಮಾತ್ರ ಉಳಿಯಿತು. ಕೊನೆಯ ಅಂಕಿಯ ತಲೆಯ ಮೇಲಿನ ಗೆರೆ ಸವೆದು ಕೂದಲಿನಷ್ಟು ಸಣ್ಣಗಾಗಿತ್ತು, ಆದರೆ ಇತ್ತು. ಏಳು. ಅವರು ಅದನ್ನು ಹಾಗೆಯೇ ಚಿತ್ರ ತೆಗೆದು ವರದಿಗೆ ಲಗತ್ತಿಸಿದರು. ಅದಕ್ಕೇ ಹೇಳುವುದು, ಒಪ್ಪಿಸುವಾಗಲೇ ಸಂಖ್ಯೆಯನ್ನು ಇಬ್ಬರೂ ನೋಡಿ ಬರೆಸಿಕೊಳ್ಳಿ ಎಂದು. ಬರೆಯುವವರಿಗೆ ಅವಸರವಿರುತ್ತದೆ, ಸಂಖ್ಯೆ ಹಳೆಯದಾಗಿರುತ್ತದೆ.

ಮನೆಯಲ್ಲಿ ಸುರಕ್ಷಿತವಾಗಿ ಇಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ನಾನು ಉಕ್ಕಿನ ಬೀರು ತರಿಸಿ, ಗೋಡೆಗೆ ಬೋಲ್ಟ್ ಹಾಕಿಸಿ, ತೋಟಾಗಳಿಗೆ ಬೇರೆ ಬೀಗದ ಪೆಟ್ಟಿಗೆ ಮಾಡಿಸಿದೆ. ಇಡೀ ಖರ್ಚಿನಲ್ಲಿ ದೊಡ್ಡದು ಅದೇ. ಪರವಾನಗಿ ಶುಲ್ಕವನ್ನು ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆ ಖಜಾನೆ-2ರ ಚಲನ್ ಮೂಲಕ ಕಟ್ಟಿದೆ, ಅದು ಹೊರೆಯೆನಿಸುವ ಮೊತ್ತವಲ್ಲ. ಬಸ್ ಚಾರ್ಜು, ಜೆರಾಕ್ಸು, ನೋಟರಿ, ಕಳೆದುಕೊಂಡ ಕೂಲಿ ದಿನಗಳು, ಇವು ಸೇರಿ ಆಗುವ ಖರ್ಚು ಅದಕ್ಕಿಂತ ಹೆಚ್ಚು. ಕೊನೆಗೆ ನಮೂನೆ 3ರಲ್ಲಿ ಪರವಾನಗಿ ಬಂತು. ಮೇಲೆ ನನ್ನ ಹೆಸರು, ವಿಶಿಷ್ಟ ಗುರುತಿನ ಸಂಖ್ಯೆ, ಕೆಳಗೆ ಅಪ್ಪನ ಬಂದೂಕಿನ ವಿವರ, ಐದು ವರ್ಷದ ಅವಧಿ. ಮೊದಲು ಮೂರು ವರ್ಷವಿದ್ದುದನ್ನು 2019ರಲ್ಲಿ ಐದಕ್ಕೆ ಏರಿಸಿದ್ದಾರೆ. ಕೈಗೆ ಬಂದ ಕೂಡಲೇ ಪ್ರತಿ ಅಕ್ಷರ, ಪ್ರತಿ ಅಂಕಿ ಓದಿ ನೋಡಿ. ಅಲ್ಲಿಯೇ ತಿದ್ದಿಸಿದರೆ ಸುಲಭ.

ಠಾಣೆಯಿಂದ ಬಿಡಿಸಿಕೊಂಡ ಬಂದೂಕಿನ ಒಳಗೆ ತುಕ್ಕಿನ ಚುಕ್ಕೆಗಳಿದ್ದವು. ಎಣ್ಣೆ ಸವರಿ ಕೊಟ್ಟಿದ್ದರಿಂದ ಅಷ್ಟಕ್ಕೇ ನಿಂತಿದೆ ಎಂದು ವ್ಯಾಪಾರಿ ಹೇಳಿದರು. ಹಿತ್ತಾಳೆಯ ಕುಂಚದಿಂದ ಉಜ್ಜಿ ಸ್ವಚ್ಛ ಮಾಡಿಕೊಟ್ಟರು. ತೋಟಾ ಕೇಳಿದಾಗ ಅವರು ಕೊಡುವ ಮೊದಲು ನಳಿಗೆಯ ಬುಡದ ಮುದ್ರೆಗಳನ್ನು ನೋಡಿದರು. ಹನ್ನೆರಡು ಬೋರ್ ಎಂದರೆ ಎಲ್ಲವೂ ಒಂದೇ ಎಂದು ನಾವು ತಿಳಿದಿರುತ್ತೇವೆ. ಒಂದು ಪೌಂಡ್ ಸೀಸದಿಂದ ಹನ್ನೆರಡು ಗುಂಡು ಮಾಡಿದರೆ ಒಂದೊಂದರ ಗಾತ್ರವೆಷ್ಟೋ ಅಷ್ಟು ಅಗಲದ ನಳಿಗೆ ಎಂದಷ್ಟೇ ಅದರ ಲೆಕ್ಕ. ತೋಟಾ ಕೂರುವ ಮನೆಯ ಉದ್ದ ಬೇರೆಯೇ ವಿಷಯ. ಹಳೆಯ ಬಂದೂಕುಗಳಲ್ಲಿ ಅದು ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್. ಈಗ ಸಾಮಾನ್ಯವಾಗಿ ಸಿಗುವ ತೋಟಾ 70 ಮಿಲಿಮೀಟರ್. ಉದ್ದದ್ದು ಒಳಗೆ ಕೂರುತ್ತದೆ, ಏಕೆಂದರೆ ಅದರ ಬಾಯಿ ಮಡಚಿರುತ್ತದೆ. ಹಾರಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಮ್ಮದು 70ರ ಮನೆಯೇ ಎಂದು ಖಚಿತವಾಯಿತು. ಹಳೆಯ ಬಂದೂಕು ಪಡೆದವರು ಇದನ್ನು ತಿಳಿದವರಿಂದ ಅಳೆಸದೆ ಒಂದೂ ಗುಂಡು ಹಾರಿಸಬೇಡಿ. ಅಪ್ಪನ ಡಬ್ಬಿಯಲ್ಲಿದ್ದ ಕಾಗದದ ಕವಚದ ತೋಟಾಗಳು ತೇವಕ್ಕೆ ಊದಿಕೊಂಡಿದ್ದವು. ಅವನ್ನು ಮರಳಿ ಕೇಳಲಿಲ್ಲ.

ತೋಟಾದ ಬೆಲೆ ಕೇಳಿದ ನೆಂಟರೊಬ್ಬರು ಒಂದು ಉಪಾಯ ಹೇಳಿದರು. ಅವರ ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿ ಜನ ಮನೆಯ ಮೇಜಿಗೆ ಒಂದು ಒತ್ತುಯಂತ್ರ ಬಿಗಿದುಕೊಂಡು ಖಾಲಿ ತೋಟಾಗಳಿಗೆ ತಾವೇ ಮದ್ದು, ಚರೆ (ಸಣ್ಣ ಸೀಸದ ಗುಂಡು) ತುಂಬಿಕೊಳ್ಳುತ್ತಾರೆ, ತರಿಸಿಕೊಳ್ಳೋಣವೇ ಎಂದು. ಅಲ್ಲಿ ಸ್ವಂತ ಬಳಕೆಗೆ ಅದು ತಪ್ಪಲ್ಲ, ನಿಜ. ಇಲ್ಲಿ ಮದ್ದುಗುಂಡು ತಯಾರಿಸುವುದಕ್ಕೆ ಕಾಯ್ದೆಯ 5ನೆಯ ಕಲಮಿನಡಿ ಬೇರೆಯೇ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ನನ್ನ ಪರವಾನಗಿ ಅದಕ್ಕೆ ಸಾಲುವುದಿಲ್ಲ. ಪರವಾನಗಿ ಇಲ್ಲದೆ ತಯಾರಿಸಿದರೆ ಶಿಕ್ಷೆ ಏಳು ವರ್ಷದಿಂದ ಶುರುವಾಗಿ ಜೀವಾವಧಿಯವರೆಗೆ ಇದೆ. ಅದನ್ನು ಅವರಿಗೆ ಓದಿ ತೋರಿಸಿದೆ. ಕೇಪಿನ ಕೋವಿಗೆ ಮದ್ದು ಜಡಿದು ಬಳಸುತ್ತಿದ್ದ ಕಾಲದ ನೆನಪಿನಲ್ಲಿ ನಮ್ಮ ಹಿರಿಯರಿಗೆ ಇದು ಸಣ್ಣ ವಿಷಯವಾಗಿ ಕಾಣುತ್ತದೆ. ಆ ಕೋವಿಗಳ ಮದ್ದು, ಕೇಪುಗಳನ್ನೂ ಪರವಾನಗಿ ತೋರಿಸಿ ಅಧಿಕೃತ ವ್ಯಾಪಾರಿಯಿಂದಲೇ ಪಡೆಯಬೇಕು. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ತೋಟಾ ಎಂಬುದು ನಿಮ್ಮ ಪರವಾನಗಿಯಲ್ಲೇ ನಮೂದಾಗಿರುತ್ತದೆ. ಕೊಂಡ ಪ್ರತಿ ಸಲ ವ್ಯಾಪಾರಿ ಅದರಲ್ಲಿ ಬರೆದು ಮುದ್ರೆ ಒತ್ತುತ್ತಾರೆ. ಹಾರಿಸಿದ ತೋಟಾಗಳ ಖಾಲಿ ಕವಚಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಕೂಡಿಡಿ, ದಿನಾಂಕ ಬರೆದಿಡಿ. ಲೆಕ್ಕ ಕೇಳಿದಾಗ ತೋರಿಸಲು ಬೇಕಾಗುತ್ತದೆ.

ಮನೆಯಲ್ಲಿ ವಯಸ್ಸಾದವರ ಹೆಸರಿನಲ್ಲಿ ಬಂದೂಕು ಇದ್ದರೆ ಒಂದು ಮಾತು ತಿಳಿದಿರಲಿ. ಅವರು ಇರುವಾಗಲೇ ವರ್ಗಾಯಿಸಬಹುದು. ಪರವಾನಗಿ ಹೊಂದಿದವರಿಗೆ 70 ವರ್ಷ ತುಂಬಿದರೆ, ಅಥವಾ ಆ ಬಂದೂಕನ್ನು ಅವರು 25 ವರ್ಷ ಇಟ್ಟುಕೊಂಡಿದ್ದರೆ, ಯಾವುದು ಮೊದಲೋ ಆಗ, ತಮ್ಮ ಇಚ್ಛೆಯ ವಾರಸುದಾರರನ್ನು ಸೂಚಿಸಬಹುದು ಎಂದು ಅದೇ 25ನೆಯ ನಿಯಮ ಹೇಳುತ್ತದೆ. ಹೆಸರಿನ ವ್ಯತ್ಯಾಸವಿದ್ದರೆ ಅವರೇ ಬಂದು ಸಹಿ ಮಾಡಬಹುದು, ಸಂಖ್ಯೆ ಸವೆದಿದ್ದರೆ ಅವರೇ ತೋರಿಸಬಹುದು. ಪಕ್ಕದ ಊರಿನಲ್ಲಿ ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ, ಅವರ ಒಂಟಿ ನಳಿಗೆ ಬಂದೂಕು ಇನ್ನೂ ಅವರ ಹೆಸರಿನಲ್ಲೇ ಇದೆ. ಅವರ ಪರವಾನಗಿ ಪುಸ್ತಕ, ಪಹಣಿ, ಆಧಾರ್ ಮೂರನ್ನೂ ಅಕ್ಕಪಕ್ಕ ಇಟ್ಟು ಹೆಸರು ಹೋಲಿಸುವ ಕೆಲಸ ನಿನ್ನೆ ಮುಗಿಸಿದೆವು. ಪಹಣಿಯಲ್ಲಿ ಒಂದು ಅಕ್ಷರ ಹೆಚ್ಚಿದೆ. ಅದನ್ನು ತಿದ್ದಿಸಲು ಸೋಮವಾರ ಅವರ ಮಗನೊಂದಿಗೆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇನೆ.